ತೆಳ್ಳಗಿದ್ದರೂ ಶುಗರ್ ಯಾಕೆ ಬರುತ್ತದೆ? ನಮ್ಮ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾದಲ್ಲಿ ಡಯಟೀಷಿಯನ್. ಅಂಕೋಲಾ, ಹೊನ್ನಾವರ, ಕಾರವಾರ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದ ಬರುವ ಸಕ್ಕರೆ ಕಾಯಿಲೆಯವರ ಜೊತೆ ದಿನವೂ ಮಾತಾಡುತ್ತೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ ಬದಲಿಸುವುದು, ಇನ್ಸುಲಿನ್ ಏರಿಸಿ ಇಳಿಸುವುದು ನಿಮ್ಮ ಡಾಕ್ಟರ ಕೆಲಸ. ಉಳಿದದ್ದನ್ನು ನಿಧಾನವಾಗಿ ಓದಿ.

ನಾನು ದಪ್ಪ ಇಲ್ಲ. ಸಿಹಿಯನ್ನೂ ಜಾಸ್ತಿ ತಿನ್ನುವುದಿಲ್ಲ. ನನಗೆ ಹೇಗೆ ಶುಗರ್ ಬಂತು?

ಈ ಪ್ರಶ್ನೆ ನಮ್ಮ ಮನೆಯಲ್ಲೇ ಹುಟ್ಟಿದ್ದು. ನನ್ನ ಅಪ್ಪ ಅಂಕೋಲೆಯ ಹತ್ತಿರ ಶಾಲಾ ಮಾಸ್ತರರಾಗಿದ್ದರು. ತೂಕ 54 ಕಿಲೋ. ದಿನಾ ಬೆಳಿಗ್ಗೆ ಸಮುದ್ರದವರೆಗೆ ನಡೆದು ಬರುವವರು. 49ನೇ ವಯಸ್ಸಿನಲ್ಲಿ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳತೊಡಗಿದರು. ಶರ್ಟು ಸಡಿಲವಾಯಿತು. ಒಬ್ಬ ಡಾಕ್ಟರ ಹತ್ತಿರ ಹೋದರೆ, 'ಇಷ್ಟು ತೆಳ್ಳಗಿದ್ದೀರಿ, ನಿಮಗೆಲ್ಲಿಂದ ಶುಗರ್' ಎಂದು ಟಾನಿಕ್ ಬರೆದುಕೊಟ್ಟು ಕಳಿಸಿದರು. ರಕ್ತ ಪರೀಕ್ಷೆ ಮಾಡಲಿಲ್ಲ. ಎರಡು ವರ್ಷದ ಮೇಲೆ ಕಾಲಿನ ಕಿರುಬೆರಳಿನ ಗಾಯ ಮಾಯಲಿಲ್ಲ. ಆಗ ನೋಡಿದರೆ ಖಾಲಿ ಹೊಟ್ಟೆಯ ಶುಗರ್ 268. ಬೆರಳು ಉಳಿಯಲಿಲ್ಲ.

ಅಪ್ಪನ ಬೆರಳಿನ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ. ತೆಳ್ಳಗಿರುವವರಿಗೆ ಈ ರೋಗ ಬರುವುದಿಲ್ಲ ಎಂಬ ನಂಬಿಕೆಗೆ ಅದು ಬಲಿಯಾಯಿತು.

ವಿಷಯ ಏನೆಂದರೆ, ತಕ್ಕಡಿ ತೂಕವನ್ನು ತೋರಿಸುತ್ತದೆ. ಆ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ತೋರಿಸುವುದಿಲ್ಲ. 2004ರಲ್ಲಿ 'ಲ್ಯಾನ್ಸೆಟ್' ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೋ ಅಕ್ಕಪಕ್ಕ ಬಂತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ನಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಇಬ್ಬರೂ ನೋಡಲು ತೆಳ್ಳಗೆ. ಆದರೆ ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ನಿಕ್ ಮೈಯಲ್ಲಿ ಶೇ. 21.2. ಎರಡು ಪಟ್ಟಿಗಿಂತ ಜಾಸ್ತಿ! ಯುಡ್ಕಿನ್ ಮ್ಯಾರಥಾನ್ ಓಡುವವರು, ಆ ವ್ಯತ್ಯಾಸವೂ ಇದೆ. ಆದರೂ ಒಂದೇ ಬಿಎಂಐನ ಹೊರಗೆ ಕಾಣುವ ಮೈ ಒಳಗೆ ಎಷ್ಟು ಬೇರೆ ಇರಬಹುದು ಎಂದು ತೋರಿಸಲು ಆ ಎರಡು ಫೋಟೋ ಸಾಕು.

ನಮ್ಮಲ್ಲಿ ಬಹಳ ಜನ ಯಾಜ್ನಿಕ್ ಅವರಂತೆಯೇ. ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ಆ ಕೊಬ್ಬು ಯಕೃತ್ತಿನಲ್ಲಿ, ಮೇದೋಜೀರಕ ಗ್ರಂಥಿಯ ಸುತ್ತ ಕೂತು ಇನ್ಸುಲಿನ್ ಕೆಲಸವನ್ನು ಕೆಡಿಸುತ್ತದೆ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಸ್ನಾಯು ನಮ್ಮಲ್ಲಿ ಮೊದಲೇ ಕಡಿಮೆ.

ಯಾಜ್ನಿಕ್ ಮಾಡಿದ ಕೆಲಸ ಇಷ್ಟೇನಾ?

ಅಲ್ಲ, ಫೋಟೋ ಅದರ ಸಣ್ಣ ತುಣುಕು. ಅವರು ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ ಮಧುಮೇಹ ವಿಭಾಗ ಕಟ್ಟಿದವರು. ಭಾರತದ ಪೇಷೆಂಟುಗಳು ಪಾಶ್ಚಾತ್ಯ ಪಠ್ಯಪುಸ್ತಕದಲ್ಲಿ ಬರೆದ ಹಾಗೆ ಇಲ್ಲ, ಇವರಿಗೆ ಹತ್ತು ವರ್ಷ ಮೊದಲೇ, ಕಡಿಮೆ ತೂಕದಲ್ಲೇ ರೋಗ ಬರುತ್ತಿದೆ ಎಂಬುದು ಅವರನ್ನು ಕಾಡಿತು.

1993ರಲ್ಲಿ ಅವರ ತಂಡ ಪುಣೆಯ ಹತ್ತಿರದ ಆರು ಹಳ್ಳಿಗಳಿಗೆ ಹೋಯಿತು. ಗರ್ಭಿಣಿಯರಾಗುವ ಮೊದಲೇ ಹೆಣ್ಣುಮಕ್ಕಳ ತೂಕ, ಎತ್ತರ ಅಳೆದರು. ಬಸುರಿಯಾದ ಮೇಲೆ ಏನು ಉಣ್ಣುತ್ತಾರೆ, ಎಷ್ಟು ದುಡಿಯುತ್ತಾರೆ ಎಂದು ಬರೆದುಕೊಂಡರು. ಹುಟ್ಟಿದ ಮಗುವಿನ ತೂಕ, ಹೊಟ್ಟೆಯ ಸುತ್ತಳತೆ, ಚರ್ಮದ ಕೆಳಗಿನ ಕೊಬ್ಬಿನ ದಪ್ಪ, ಎಲ್ಲವನ್ನೂ ಅಳೆದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳ ಜೊತೆ ಹೋಲಿಸಿದರು.

ಪುಣೆಯ ಮಗು ಸರಾಸರಿ 2.7 ಕಿಲೋ, ಅಲ್ಲಿಯ ಮಗು 3.5 ಕಿಲೋ. ನಮ್ಮ ಮಗು ಎಲ್ಲದರಲ್ಲೂ ಸಣ್ಣ. ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಸಣ್ಣ. ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಆಗಿರಲಿಲ್ಲ. ತೆಳ್ಳಗಿನ ಮಗುವಿನ ಮೈಯಲ್ಲೂ ಕೊಬ್ಬಿನ ಪಾಲು ಉಳಿದಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಅಂದಿನಿಂದ 'ತೆಳ್ಳಗಿನ ಕೊಬ್ಬಿನ ಭಾರತೀಯ ಮಗು' ಎನ್ನುವ ಮಾತು ವೈದ್ಯಲೋಕದಲ್ಲಿ ನಿಂತಿದೆ.

ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು, ಬಸುರಿ ಜಾಸ್ತಿ ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ ಎಂದು. ಆ ಮಾತನ್ನು ಕೇಳಿ ಅರೆಹೊಟ್ಟೆಯಲ್ಲಿದ್ದ ತಾಯಂದಿರ ಮಕ್ಕಳೇ ನಾವು. ಹೊಟ್ಟೆಯಲ್ಲಿದ್ದಾಗ ಬಡತನಕ್ಕೆ ಒಗ್ಗಿದ ಮೈಗೆ, ಹೊರಗೆ ಬಂದ ಮೇಲೆ ಎರಡು ಹೊತ್ತು ಅನ್ನ, ಸಂಜೆಗೆ ಬನ್ಸ್, ಕೂತು ಮಾಡುವ ಕೆಲಸ ಸಿಕ್ಕರೆ ತಾಳಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ಹುಟ್ಟುವಾಗಲೇ ಹಣೆಬರಹ ಆಯಿತು ಅಲ್ವಾ? ಇನ್ನು ಪಥ್ಯ ಮಾಡಿ ಏನು ಉಪಯೋಗ?

ಉಪಯೋಗ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ಗಡಿಯಲ್ಲಿದ್ದ 531 ಜನರನ್ನು, ಅಂದರೆ ಶುಗರ್ ಏರಿದೆ ಆದರೆ ಇನ್ನೂ ರೋಗ ಆಗಿಲ್ಲ ಎನ್ನುವವರನ್ನು, ಆರಿಸಿ ನೋಡಿತು. ಊಟ ಮತ್ತು ನಡಿಗೆ ಸರಿಮಾಡಿಕೊಂಡವರಲ್ಲಿ ರೋಗಕ್ಕೆ ತಿರುಗುವುದು ಶೇ. 28.5ರಷ್ಟು ತಗ್ಗಿತು. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. 26.4. ಅಂದರೆ ನಡಿಗೆ ಮತ್ತು ತಟ್ಟೆ ಮಾತ್ರೆಯಷ್ಟೇ ಕೆಲಸ ಮಾಡಿದವು. 2006ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಈ ಜನರ ತೂಕ ಹೆಚ್ಚೇನೂ ಇಳಿಯಲಿಲ್ಲ, ಆದರೂ ಲಾಭ ಆಯಿತು. ತೆಳ್ಳಗಿನವರು ಇದನ್ನು ನೆನಪಿಟ್ಟುಕೊಳ್ಳಬೇಕು. ತೂಕ ಇಳಿಸಲು ಏನೂ ಇಲ್ಲದಿದ್ದರೂ ನಡಿಗೆ ನಿಮಗೆ ಕೆಲಸ ಮಾಡುತ್ತದೆ.

ನಡಿಗೆಯ ಜೊತೆ ಸ್ನಾಯುವಿಗೆ ಭಾರ ಬೀಳುವ ಕೆಲಸವೂ ಬೇಕು. ಶಿರಸಿ ಕಡೆ ಅಡಿಕೆ ಮರ ಹತ್ತುವ ಕೊನೆಗೌಡನ ತೊಡೆ, ತೋಳು ನೋಡಿದ್ದೀರಾ? ಅಂಥ ಸ್ನಾಯು ಉಂಡ ಅನ್ನದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ನೀವು ಮರ ಹತ್ತಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ವಾರಕ್ಕೆ ಎರಡು ಮೂರು ದಿನ ಸಾಕು.

ನನಗೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ರಕ್ತ ಕೊಟ್ಟೇ ತಿಳಿಯಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ ಇದ್ದರೆ ಮಧುಮೇಹ. 100ರಿಂದ 125 ಗಡಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ 200 ಮುಟ್ಟಿದರೆ ಮಧುಮೇಹ, 140ರಿಂದ 199 ಗಡಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4 ಗಡಿ. ಲಕ್ಷಣ ಏನೂ ಇಲ್ಲದಿದ್ದರೆ ಒಂದು ಸಲದ ರಿಪೋರ್ಟ್ ಸಾಲದು, ಇನ್ನೊಮ್ಮೆ ಮಾಡಿಸಿ. ರಕ್ತ ಕಡಿಮೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಸುಳ್ಳು ಹೇಳಬಹುದು, ಅದನ್ನೂ ಡಾಕ್ಟರಿಗೆ ತಿಳಿಸಿ.

ಯಾರು ಮೊದಲು ಮಾಡಿಸಬೇಕು ಎನ್ನುವುದಕ್ಕೆ ಚೆನ್ನೈನ ಡಾ. ವಿ. ಮೋಹನ್ ತಂಡ 2005ರಲ್ಲಿ ಸುಲಭದ ಲೆಕ್ಕ ಕೊಟ್ಟಿದೆ. ವಯಸ್ಸು, ಸೊಂಟದ ಸುತ್ತಳತೆ, ದುಡಿಮೆ, ಅಪ್ಪ ಅಮ್ಮನಿಗೆ ಶುಗರ್ ಇತ್ತಾ, ನಾಲ್ಕೇ ಪ್ರಶ್ನೆ. ಒಂದು ಉದಾಹರಣೆ ನೋಡಿ. 52 ವರ್ಷದ ಮೀನುಗಾರ. ವಯಸ್ಸಿಗೆ 30 ಅಂಕ. ಸೊಂಟ 92 ಸೆಂ.ಮೀ., 10 ಅಂಕ. ದೋಣಿಯ ದುಡಿಮೆ ಇದೆ, ಬೇರೆ ವ್ಯಾಯಾಮ ಇಲ್ಲ, 20 ಅಂಕ. ತಾಯಿಗೆ ಶುಗರ್ ಇತ್ತು, 10 ಅಂಕ. ಒಟ್ಟು 70. 60 ಮುಟ್ಟಿದರೆ ಅಪಾಯ ಜಾಸ್ತಿ ಎಂದು ಅರ್ಥ. ಆತ ನೋಡಲು ತೆಳ್ಳಗೇ ಇರಬಹುದು! ಸೊಂಟ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಒಳಗೆ ಇರಬೇಕು. ಪ್ಯಾಂಟಿನ ಸೈಜು ಲೆಕ್ಕವಲ್ಲ, ಹೊಕ್ಕುಳಿನ ಹತ್ತಿರ ಟೇಪು ಹಿಡಿಯಿರಿ.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ, ಅಲ್ವಾ? 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ದೇಶವ್ಯಾಪಿ ಅಧ್ಯಯನದಲ್ಲಿ ಇಡೀ ಭಾರತದಲ್ಲಿ ಮಧುಮೇಹ ಜಾಸ್ತಿ ಸಿಕ್ಕಿದ್ದು ಅಲ್ಲೇ, ದೊಡ್ಡವರಲ್ಲಿ ಶೇ. 26.4. ದೇಶದ ಸರಾಸರಿ ಶೇ. 11.4. ಕಾರವಾರದ ಊಟ ತಿಂಡಿ, ಮೀನು ಸಾರು, ಹವೆ ಗೋವಾಕ್ಕಿಂತ ಬಹಳ ಬೇರೆಯೇನಲ್ಲ. ಹಾಗಾಗಿ ನಾವು ಸುಮ್ನೆ ಕೂರುವ ಹಾಗಿಲ್ಲ.

ಬಿಳಿ ಅಕ್ಕಿ ಬಿಟ್ಟು ಕುಚ್ಚಲಕ್ಕಿ ತಿಂದರೆ ತೊಂದರೆ ಇಲ್ಲ ಅಲ್ವಾ?

ತೊಂದರೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಕುಚ್ಚಲಕ್ಕಿ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ್ದು. ಪಾಲಿಶ್ ಮಾಡದಿದ್ದರೆ ಕೆಂಪು ತೌಡು ಉಳಿದಿರುತ್ತದೆ. ರಕ್ತಕ್ಕೆ ಸಕ್ಕರೆ ಬಿಡುವುದು ಸ್ವಲ್ಪ ನಿಧಾನ. ಆದರೆ 100 ಗ್ರಾಂ ಅಕ್ಕಿಯಲ್ಲಿ ಹಿಟ್ಟಿನಂಶ ಎರಡರಲ್ಲೂ ಹೆಚ್ಚುಕಡಿಮೆ 75ರಿಂದ 80 ಗ್ರಾಂ. ಬಿಳಿ ಅನ್ನ ಒಂದು ಬಟ್ಟಲು ಉಣ್ಣುತ್ತಿದ್ದವರು 'ಇದು ಕುಚ್ಚಲಕ್ಕಿ' ಎಂದು ಎರಡು ಬಟ್ಟಲು ಉಂಡರೆ ಲಾಭ ಹೋಯಿತು. ನಾನು ಈ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಗಂಜಿಯ ವಿಷಯ ಇನ್ನೂ ಸೂಕ್ಷ್ಮ. ಮೆತ್ತಗೆ ಬೆಂದು ಕರಗಿದ ಗಂಜಿ ಬೇಗ ಏರುತ್ತದೆ. ನಮ್ಮ ಮಂದಿಗೆ ಗಂಜಿ ಬಿಡಿ ಎಂದರೆ ಮನೆಯನ್ನೇ ಬಿಡಿ ಅಂದ ಹಾಗೆ, ಹಾಗೆ ನಾನು ಹೇಳುವುದಿಲ್ಲ. ಗಂಜಿಯ ಬಟ್ಟಲು ಸಣ್ಣದು ಮಾಡಿ. ಜೊತೆಗೆ ಹುರುಳಿ ಸಾರು, ಬಸಳೆ, ಹಸಿರು ಕಾಯಿಪಲ್ಲೆ ಅಥವಾ ಒಂದು ಬಂಗಡೆ ಇರಲಿ. ಒಣಮೀನು ಮಾತ್ರ ಸಣ್ಣ ತುಣುಕು, ಉಪ್ಪು ಬಿಪಿ ಏರಿಸುತ್ತದೆ.

ಇನ್ನೊಂದು ಉಪಾಯ ಇದೆ, ಖರ್ಚಿಲ್ಲದ್ದು. ಊಟದ ಕ್ರಮ ಬದಲಿಸಿ. ಮೊದಲು ಪಲ್ಯ, ತಂಬುಳಿ, ಮೀನು ಅಥವಾ ಬೇಳೆ ತಿನ್ನಿ. ಅನ್ನ ಕೊನೆಗೆ. ಅಷ್ಟೇ ಅನ್ನ ಉಂಡರೂ ಊಟದ ನಂತರದ ಏರಿಕೆ ತಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿ. ಊಟ ಆದ ತಕ್ಷಣ ಚಾಪೆ ಹಾಸಿ ಮಲಗುವ ರೂಢಿ ನಮ್ಮಲ್ಲಿದೆ, ಅದನ್ನು ಅರ್ಧ ಗಂಟೆ ಮುಂದೂಡಿ.

ಹೋಟೆಲಿನ ಬನ್ಸ್ ಬಗ್ಗೆ ಒಂದು ಮಾತು. ಮೈದಾ, ಬಾಳೆಹಣ್ಣು, ಸಕ್ಕರೆ, ಎಣ್ಣೆ. ಅದನ್ನು ತಿಂಡಿ ಎಂದು ತಿಳಿಯಬೇಡಿ, ಸಿಹಿ ಎಂದೇ ಲೆಕ್ಕ ಮಾಡಿ.

ಸಕ್ಕರೆ ಬದಲು ಬೆಲ್ಲ ಹಾಕಬಹುದಾ?

ಬೇಡ. ಬೆಲ್ಲದಲ್ಲೂ ಬಹುಪಾಲು ಅದೇ ಸಕ್ಕರೆ. ಆಲೆಮನೆಯ ಜೋನಿ ಬೆಲ್ಲ ಎಷ್ಟೇ ಶುದ್ಧವಿದ್ದರೂ ರಕ್ತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೊಡದೇವು ಹಬ್ಬಕ್ಕೆ ಒಂದು, ಸಾಕು. ಕಷಾಯಕ್ಕೆ ಬೆಲ್ಲವಿಲ್ಲದೆ ಹಾಲು ಹಾಕಿ ಕುಡಿಯಿರಿ, ಒಂದು ವಾರದಲ್ಲಿ ನಾಲಿಗೆಗೆ ಒಗ್ಗುತ್ತದೆ.

ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು?

ಅದನ್ನು ತಿನ್ನಬೇಡಿ ಎಂದು ಹೇಳಲು ನನಗೂ ಮನಸ್ಸು ಬರುವುದಿಲ್ಲ. ಶುಗರ್ ಹಿಡಿತದಲ್ಲಿದ್ದರೆ ಅರ್ಧ ಹಣ್ಣು, ಊಟದ ಜೊತೆಗಲ್ಲ, ಬೆಳಗಿನ ಹನ್ನೊಂದು ಗಂಟೆಗೆ ಬೇರೆಯಾಗಿ. ಅವತ್ತು ಅನ್ನ ಒಂದು ಹಿಡಿ ಕಡಿಮೆ. ರಸಾಯನ, ಜ್ಯೂಸ್ ಬೇಡ.

ಮಾತ್ರೆ ಶುರು ಮಾಡಿದರೆ ಕಿಡ್ನಿ ಹೋಗುತ್ತದೆ ಅಂತಾರೆ. ನಿಜಾನಾ?

ಇದರಿಂದ ಆಗುವ ಹಾನಿ ನೋಡಿ ನೋಡಿ ನನಗೆ ಬೇಸರವಾಗಿದೆ. ಕಿಡ್ನಿ ಹಾಳುಮಾಡುವುದು ವರ್ಷಗಟ್ಟಲೆ ಏರಿದ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಬೇರೆ ಕಾರಣದಿಂದ ತುಂಬಾ ಸೋತ ಮೇಲೆ ಆ ಮಾತ್ರೆ ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ಡಾಕ್ಟರು ಅದನ್ನು ನಿಲ್ಲಿಸುತ್ತಾರೆ. ಜನ ಇದನ್ನು ತಿರುಗಿಸಿ ಹೇಳುತ್ತಾರೆ.

ಮೆಟ್‌ಫಾರ್ಮಿನ್ ಹಳೆಯ ಮಾತ್ರೆ. ಯುರೋಪಿನ ಒಂದು ಗಿಡದಲ್ಲಿದ್ದ ಅಂಶದಿಂದ ಅದರ ಹುಡುಕಾಟ ಶುರುವಾಯಿತು. 1957ರಲ್ಲಿ ಫ್ರಾನ್ಸಿನ ಡಾ. ಜೀನ್ ಸ್ಟರ್ನ್ ಮಧುಮೇಹಕ್ಕೆ ಅದರ ಬಳಕೆಯನ್ನು ಪ್ರಕಟಿಸಿದರು. ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೊಟ್ಟೆ ಕೆಡುತ್ತದೆ ಎಂದು ಬಿಡುವವರಿದ್ದಾರೆ. ಊಟದ ಜೊತೆಗೆ, ಕಡಿಮೆ ಪ್ರಮಾಣದಿಂದ ಶುರು ಮಾಡಿದರೆ ಹೆಚ್ಚಿನವರಿಗೆ ಒಗ್ಗುತ್ತದೆ.

ಬೇಗ ಶುರು ಮಾಡುವುದು ಯಾಕೆ ಮುಖ್ಯ ಎಂದು ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ತೋರಿಸಿತು. 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಬಂತು. ಹೊಸದಾಗಿ ರೋಗ ಪತ್ತೆಯಾದ 5102 ಜನ. ಎಚ್‌ಬಿಎ1ಸಿಯನ್ನು 7.9ರ ಬದಲು 7.0ಕ್ಕೆ ತಂದವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದರೆ ಕಾಲು ಭಾಗ ತಗ್ಗಿತು. ಅಧ್ಯಯನ ಮುಗಿದು ಹತ್ತು ವರ್ಷದ ಮೇಲೆ ನೋಡಿದರೆ ಎರಡೂ ಗುಂಪಿನ ಶುಗರ್ ಒಂದೇ ಆಗಿತ್ತು, ಆದರೆ ಮೊದಲು ಹಿಡಿತದಲ್ಲಿದ್ದವರಿಗೆ ಲಾಭ ಉಳಿದೇ ಇತ್ತು. ಮೊದಲ ವರ್ಷಗಳಲ್ಲಿ ಮಾಡಿದ ಆರೈಕೆಯನ್ನು ಮೈ ಮರೆಯುವುದಿಲ್ಲ.

ಪೂರ್ತಿ ಗುಣ ಆಗುತ್ತದಾ?

ಕೆಲವರಲ್ಲಿ ಮಾತ್ರೆಯಿಲ್ಲದೆ ಶುಗರ್ ಸರಿಯಾಗಿ ನಿಲ್ಲುತ್ತದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ದಪ್ಪಗಿದ್ದವರು ತೂಕ ಇಳಿಸಿದಾಗ ಒಂದು ವರ್ಷದ ಕೊನೆಗೆ ಶೇ. 46 ಜನರಲ್ಲಿ ಹೀಗಾಯಿತು. ಆಮೇಲೆ ಡಾ. ರಾಯ್ ಟೇಲರ್ ತಂಡ ಅಷ್ಟು ದಪ್ಪ ಇಲ್ಲದ 20 ಜನರಲ್ಲೂ ನೋಡಿತು, 14 ಜನರಲ್ಲಿ ಆಯಿತು. ಸಣ್ಣ ಅಧ್ಯಯನ ನಿಜ. ಆದರೆ ತೆಳ್ಳಗಿನವರ ಯಕೃತ್ತಿನಲ್ಲೂ ಇಳಿಸಬಹುದಾದ ಕೊಬ್ಬು ಇದೆ ಎಂದು ಅದು ತೋರಿಸಿತು. ಇದನ್ನು ಡಾಕ್ಟರ ಕಣ್ಗಾವಲಿನಲ್ಲೇ ಮಾಡಬೇಕು. ಮೂಳೆಚಕ್ಕಳವಾಗಿ ತೂಕ ಇಳಿಯುತ್ತಿರುವವರು ಉಪವಾಸ ಬೀಳಲೇಬಾರದು, ಅವರಿಗೆ ಇನ್ಸುಲಿನ್ ಕೊರತೆ ಇರಬಹುದು.

ಇನ್ಸುಲಿನ್ ಅಂದರೆ ಕೊನೆಯ ಹಂತ ಅಲ್ವಾ?

ಅಲ್ಲ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಕೊಟ್ಟರು, ಸಾಯುವ ಸ್ಥಿತಿಯಲ್ಲಿದ್ದವನು ಚೇತರಿಸಿಕೊಂಡ. ಅದು ಬದುಕಿಸುವ ಔಷಧ. ತೆಳ್ಳಗಿನ ಕೆಲವರಲ್ಲಿ ಇನ್ಸುಲಿನ್ ತಯಾರಾಗುವುದೇ ಕಡಿಮೆ, ಅವರಿಗೆ ಬೇಗ ಬೇಕಾಗಬಹುದು. ನನ್ನ ಅಪ್ಪ ಇನ್ಸುಲಿನ್ ಶುರು ಮಾಡಿದ ಮೂರು ತಿಂಗಳಲ್ಲಿ ಐದು ಕಿಲೋ ಏರಿದರು, ಮುಖಕ್ಕೆ ಕಳೆ ಬಂತು.

ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಇನ್ಸುಲಿನ್ ಎಲ್ಲಿಡುವುದು?

ಇನ್ನೂ ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು. ಬಳಕೆಯಲ್ಲಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ತಂಪಾದ ಕೋಣೆಯಲ್ಲಿ ಇರಬಲ್ಲದು, ಡಬ್ಬಿಯ ಮೇಲಿನ ಸೂಚನೆ ನೋಡಿ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆರೆಯಬೇಡಿ.

ಮಣ್ಣಿನ ಮಡಕೆಯ ಉಪಾಯ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಆದರೆ ಮಡಕೆ ತಂಪಾಗುವುದು ನೀರು ಆರುವುದರಿಂದ. ಬಯಲುಸೀಮೆಯ ಒಣಗಾಳಿಯಲ್ಲಿ ಆಗುವಷ್ಟು ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಆಗುವುದಿಲ್ಲ. ಹಾಗಾಗಿ ಜೂನ್ ಬರುವ ಮೊದಲು ನಾಲ್ಕೈದು ತಿಂಗಳ ಬಾಟಲಿ ತಂದು ಸೇರಿಸಿಡಬೇಡಿ. ತಿಂಗಳಿಗೆ ಬೇಕಾದಷ್ಟೇ ತನ್ನಿ. ಬಿಳಿ ತುಣುಕು, ಗಂಟು ಕಂಡರೆ ಬಳಸಬೇಡಿ.

ಕಾಲು ಜೋಮು ಹಿಡಿಯುತ್ತದೆ. ಶುಗರಿನದೇ ಅಲ್ವಾ?

ಬಹಳ ಸಲ ಹೌದು. ಆದರೆ ಇನ್ನೊಂದು ಕಾರಣವನ್ನು ನಾವು ಮರೆಯುತ್ತೇವೆ, ಬಿ12 ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬಿ12 ಸಿಗುವುದು ಮೀನು, ಮೊಟ್ಟೆ, ಮಾಂಸ, ಹಾಲಿನಿಂದ. ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳಲ್ಲಿ ಮೊದಲೇ ಕಡಿಮೆ, ಮೇಲೆ ಮಾತ್ರೆ. ಜೋಮು, ನಿಶ್ಶಕ್ತಿ, ನಡಿಗೆಯಲ್ಲಿ ತೂರಾಟ ಇದ್ದರೆ ಬಿ12 ಪರೀಕ್ಷೆ ಕೇಳಿ ಮಾಡಿಸಿ. ಇದನ್ನು ಸರಿಮಾಡುವುದು ಸುಲಭ, ತಡ ಮಾಡಿದರೆ ನರ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.

ಪಾದ ಹೇಗೆ ನೋಡಿಕೊಳ್ಳಬೇಕು?

ಇದಕ್ಕೆ ಉತ್ತರ ಉದ್ದ. ಅಪ್ಪನ ಬೆರಳಿನ ಕಾರಣ ಇದನ್ನು ಚಿಕ್ಕದಾಗಿ ಹೇಳಲು ನನಗೆ ಆಗುವುದಿಲ್ಲ.

ನರ ಸತ್ತ ಪಾದಕ್ಕೆ ನೋವು ಗೊತ್ತಾಗುವುದಿಲ್ಲ. ನೋವಿಲ್ಲ ಎಂದರೆ ಗಾಯವಿಲ್ಲ ಎಂದಲ್ಲ. ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು ಆರಿಸುವ ಹೆಂಗಸರು ಗಂಟೆಗಟ್ಟಲೆ ಕೆಸರಲ್ಲಿ ನಿಲ್ಲುತ್ತಾರೆ, ಚಿಪ್ಪು ಕೊಯ್ದದ್ದು ಮನೆಗೆ ಬಂದ ಮೇಲೆ ರಕ್ತ ನೋಡಿಯೇ ತಿಳಿಯುತ್ತದೆ. ಉಪ್ಪುನೀರಲ್ಲಾದ ಗಾಯ ಶುಗರ್ ಇರುವವರಲ್ಲಿ ಬೇಗ ಕೆರಳಬಹುದು. ಸಾಣಿಕಟ್ಟೆಯ ಉಪ್ಪಿನಗದ್ದೆಯಲ್ಲಿ ದುಡಿಯುವವರ ಹಿಮ್ಮಡಿ ಬಿರಿಯುತ್ತದೆ. ಘಟ್ಟದ ತೋಟದಲ್ಲಿ ಉಂಬಳ ಕಚ್ಚಿದ ಜಾಗವನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಳ್ಳುತ್ತಾರೆ. ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬೊಕ್ಕೆ ಎದ್ದವರು ನನ್ನ ಹತ್ತಿರ ಬಂದಿದ್ದಾರೆ. ಸುಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ಕಾಲುಚೀಲ ಹಾಕಿ.

ದಿನಾ ರಾತ್ರಿ ಮಲಗುವ ಮೊದಲು ಪಾದ ನೋಡಿ. ಬಗ್ಗಲು ಆಗದಿದ್ದರೆ ಕನ್ನಡಿ ನೆಲದ ಮೇಲಿಟ್ಟು ನೋಡಿ, ಇಲ್ಲವೇ ಮೊಮ್ಮಕ್ಕಳಿಗೆ ಹೇಳಿ. ಮಳೆಗಾಲದಲ್ಲಿ ಬೆರಳ ಸಂದು ಒರೆಸಿ ಒಣಗಿಸಿ, ಎಣ್ಣೆ ಹಿಮ್ಮಡಿಗೆ ಮಾತ್ರ, ಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ. ಗಾಯ ಕೆಂಪಾಗಿ ಬಿಸಿಯಾದರೆ, ವಾಸನೆ ಬಂದರೆ ಅವತ್ತೇ ಆಸ್ಪತ್ರೆಗೆ. ಸೊಪ್ಪಿನ ರಸ, ಅರಿಶಿನ ಹಾಕಿ ಒಂದು ವಾರ ಕಾಯಬೇಡಿ. ನಮ್ಮ ಜಿಲ್ಲೆಯಿಂದ ದೊಡ್ಡ ಚಿಕಿತ್ಸೆಗೆ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡಬೇಕು. ಆ ದಾರಿಯ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ದೋಣಿಯಲ್ಲಿ ನಾಲ್ಕೈದು ದಿನ ಇರುತ್ತೇನೆ. ಊಟಕ್ಕೆ ಹೊತ್ತಿಲ್ಲ. ಏಕಾದಶಿ ಉಪವಾಸವೂ ಇದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ಕಣ್ಣು ಮಂಜು, ಸಿಟ್ಟು. ನಡುನೀರಿನಲ್ಲಿ ಇದು ಪ್ರಾಣಕ್ಕೆ ಕುತ್ತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಯಾಗದಿದ್ದರೆ ಇನ್ನೊಮ್ಮೆ. ಆಮೇಲೆ ಏನಾದರೂ ತಿನ್ನಿ. ಸಕ್ಕರೆಯ ಪೊಟ್ಟಣ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಿಸೆಯಲ್ಲೇ ಇರಲಿ. ಜೊತೆಗಿರುವ ಒಬ್ಬರಿಗಾದರೂ ನಿಮಗೆ ಶುಗರ್ ಇದೆ ಎಂದು ಹೇಳಿ, ಮುಚ್ಚಿಡಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಉಪವಾಸದ ದಿನದ ಮಾತ್ರೆಯನ್ನು ಹೇಗೆ ಬದಲಿಸಬೇಕೆಂದು ಮೊದಲೇ ಡಾಕ್ಟರನ್ನು ಕೇಳಿ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವ 61 ದಿನ ಇದಕ್ಕೆ ಉಲ್ಟಾ. ದುಡಿಮೆ ನಿಂತಿರುತ್ತದೆ, ಊಟ ಹಾಗೇ ಇರುತ್ತದೆ. ಆ ಎರಡು ತಿಂಗಳಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಮಧುನಾಶಿನಿ, ನೇರಳೆ ಬೀಜ, ಅಮೃತಬಳ್ಳಿ ಸಾಕಲ್ವಾ?

ಸಾಲದು. ಮಧುನಾಶಿನಿ ಎಲೆ ಜಗಿದರೆ ಸ್ವಲ್ಪ ಹೊತ್ತು ಸಿಹಿ ರುಚಿ ತಿಳಿಯುವುದಿಲ್ಲ, ಅದು ನಿಜ. ರಕ್ತದ ಸಕ್ಕರೆಯ ಮೇಲೆ ಅದರ ಪರಿಣಾಮ ಮಾತ್ರೆಯನ್ನು ಬಿಡುವಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ಅಮೃತಬಳ್ಳಿ ತಿಂದು ಯಕೃತ್ತಿಗೆ ಪೆಟ್ಟಾದ ಪೇಷೆಂಟುಗಳ ವರದಿ ಮುಂಬೈನಿಂದ ಬಂದಿದೆ. ಏನೇ ತಿಂದರೂ ಡಾಕ್ಟರಿಗೆ ಹೇಳಿ. ಮಾತ್ರೆ ನಿಲ್ಲಿಸಿ ಮಾತ್ರ ಪ್ರಯೋಗ ಮಾಡಬೇಡಿ.

ಕವಳ, ಅಂದರೆ ಎಲೆ ಅಡಿಕೆ?

ಅಡಿಕೆ ನಮ್ಮ ಅನ್ನ. ಆದರೂ ಹೇಳಬೇಕು. ತಂಬಾಕು ಸೇರಿದರೆ ರಕ್ತನಾಳ ಹಾಳು, ಕಾಲಿನ ಗಾಯ ಮಾಯುವುದಿಲ್ಲ. ಅಡಿಕೆ ಜಗಿಯುವುದಕ್ಕೂ ಮಧುಮೇಹಕ್ಕೂ ತೈವಾನಿನ ಅಧ್ಯಯನಗಳಲ್ಲಿ ಸಂಬಂಧ ಕಂಡಿದೆ.

ತೂಕ ಇಳಿಸುವ ಹೊಸ ಇಂಜೆಕ್ಷನ್ ತಗೊಳ್ಳಲಾ?

ದಪ್ಪಗಿದ್ದು ಶುಗರ್ ಇರುವವರಿಗೆ ಅದು ಒಳ್ಳೆಯ ಔಷಧ. ಆದರೆ ತೂಕದ ಜೊತೆ ಸ್ನಾಯುವೂ ಸ್ವಲ್ಪ ಹೋಗುತ್ತದೆ. ಮೊದಲೇ ಸ್ನಾಯು ಕಡಿಮೆ ಇರುವ ತೆಳ್ಳಗಿನವರು ಪಕ್ಕದ ಮನೆಯವರನ್ನು ನೋಡಿ ಶುರು ಮಾಡಬಾರದು.

ಮಗಳು ಬಸುರಿ. ಮನೆಯಲ್ಲಿ ಎಲ್ಲರಿಗೂ ಶುಗರ್ ಇದೆ. ಏನು ಮಾಡಬೇಕು?

ಮೊದಲ ತಪಾಸಣೆಯಲ್ಲೇ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಮಾಡಿಸಿ. ಎರಡು ಗಂಟೆಯ ಮೇಲೆ 140 ಮುಟ್ಟಿದರೆ ಚಿಕಿತ್ಸೆ ಬೇಕು. ಆಗ ಸರಿಯಿದ್ದರೂ 24ರಿಂದ 28ನೇ ವಾರದಲ್ಲಿ ಮತ್ತೆ ಮಾಡಿಸಿ. ಅವಳಿಗೆ ಹೊಟ್ಟೆತುಂಬ ಊಟ ಕೊಡಿ. ಹಾಲು, ಬೇಳೆ, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮೀನು. ಬಿ12 ನೋಡಿಸಿ. ಪುಣೆಯ ಅಧ್ಯಯನದಲ್ಲಿ, ಫೋಲಿಕ್ ಆಮ್ಲ ಜಾಸ್ತಿ ಇದ್ದು ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂದು 2008ರಲ್ಲಿ ಯಾಜ್ನಿಕ್ ತಂಡ ತೋರಿಸಿತು. ಹಾಗೆಂದು ಫೋಲಿಕ್ ಮಾತ್ರೆ ಬಿಡಬೇಡಿ, ಅದು ಮಗುವಿನ ಬೆನ್ನುಹುರಿಗೆ ಬೇಕು. ಜೊತೆಗೆ ಬಿ12 ಕೂಡ ಬೇಕು ಎಂದು ಅರ್ಥ.

ಆ ಆರು ಹಳ್ಳಿಗಳ ಮಕ್ಕಳನ್ನು ಅವರು ಬಿಟ್ಟುಬಿಡಲಿಲ್ಲ. ಹದಿನೆಂಟು ತುಂಬಿದಾಗ ಮತ್ತೆ ಪರೀಕ್ಷೆ ಮಾಡಿದರೆ, ತೆಳ್ಳಗಿದ್ದವರಲ್ಲೂ ಶುಗರ್ ಗಡಿ ಮುಟ್ಟಿದವರಿದ್ದರು, ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. 2012ರಲ್ಲಿ ಅದೇ ಮಕ್ಕಳಿಗೆ, ಮದುವೆ ಬಸುರಿಗೆ ವರ್ಷಗಳ ಮೊದಲೇ, ಬಿ12 ಕೊಡುವ ಪ್ರಯೋಗ ಶುರು ಮಾಡಿದರು. ಮುಂದೆ ಅವರಿಗೆ ಹುಟ್ಟುವ ಮಗುವನ್ನು ಅಳೆಯಲು. ಆ ಮೊದಲ ಅಧ್ಯಯನದ ಹೊತ್ತಿಗೆ ಹೊಟ್ಟೆಯಲ್ಲಿದ್ದ ಹುಡುಗಿಯರು ಈಗ ತಾಯಂದಿರು. ಅವರ ಕೂಸುಗಳನ್ನೂ ಅದೇ ತಂಡ ತೂಗಿದೆ.